ತೊಟ್ಟಿಲಿನಿಂದ ಮಂಚಕ್ಕೆ: ಪುಟ್ಟ ಮಗುವಿನ ಹಾಸಿಗೆ ಬದಲಿಸುವ ಸಮಗ್ರ ಮಾರ್ಗದರ್ಶಿ

ಸುತ್ತಲೂ ಎತ್ತರದ ಕಂಬಿ ಇರುವ, ಪುಟ್ಟ ಮಕ್ಕಳ ತೊಟ್ಟಿಲಿನಂಥ ಕಾಟ್‌ನಲ್ಲಿ ಮಲಗಿದ ಮಗು ರಾತ್ರಿ ಎಚ್ಚರವಾದರೆ ಎದ್ದು ನಿಂತು ಕೂಗುತ್ತದೆ. ಮಂಚದಲ್ಲಿ ಮಲಗಿದ ಮಗು ಎಚ್ಚರವಾದರೆ ಇಳಿದು ನಡೆದುಬಿಡುತ್ತದೆ. ಕತ್ತಲಲ್ಲಿ, ಯಾರನ್ನೂ ಕರೆಯದೆ. ಅಡುಗೆಮನೆ, ಬಚ್ಚಲು, ಬಾಲ್ಕನಿ, ಮುಂಬಾಗಿಲು ಎಲ್ಲವೂ ಆ ರಾತ್ರಿಯಿಂದ ಅದಕ್ಕೆ ಎಟುಕುತ್ತವೆ. ಅದಕ್ಕೇ ಇಲ್ಲಿ ಮಂಚದ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಮೊದಲು ಮನೆ ಸಿದ್ಧವಾಗಬೇಕು. ಮಂಚ ಆಮೇಲೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ. ಬೇರೆ ಮಂಚ ಕೊಟ್ಟ ಮಾತ್ರಕ್ಕೆ ಮಗುವನ್ನು ಬೇರೆ ಕೋಣೆಗೆ ಕಳಿಸಬೇಕಿಲ್ಲ. ಬೆಂಗಳೂರಿನ 1 ಅಥವಾ 2 ಬಿಎಚ್‌ಕೆ ಮನೆಯಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು? ಅಪ್ಪ ಅಮ್ಮನ ಕೋಣೆಯ ಮೂಲೆಯಲ್ಲಿ ಮಗುವಿನ ಪುಟ್ಟ ಮಂಚ ಇರಬಹುದು. ಅಜ್ಜಿ ಮಲಗುವ ಕೋಣೆಯಲ್ಲೂ ಇರಬಹುದು. ಕೋಣೆ ಬದಲಿಸುವುದು ಬೇರೆ ಕೆಲಸ, ಹಾಸಿಗೆ ಬದಲಿಸುವುದು ಬೇರೆ ಕೆಲಸ. ಎರಡನ್ನೂ ಒಂದೇ ರಾತ್ರಿ ಮಾಡಲು ಹೋಗಬೇಡಿ.

ಮೊದಲ ಹೆಜ್ಜೆ: ಹೊತ್ತು ಬಂದಿದೆಯೇ ನೋಡಿ

ಇದಕ್ಕೆ ಇಷ್ಟೇ ವಯಸ್ಸು ಅಂತ ಇಲ್ಲ. ಹೆಚ್ಚಿನ ಮಕ್ಕಳು ಒಂದೂವರೆ ವರ್ಷದಿಂದ ಮೂರೂವರೆ ವರ್ಷದ ನಡುವೆ ಯಾವಾಗಲೋ ಮಂಚಕ್ಕೆ ಬರುತ್ತಾರೆ. ಮಗು ಕಾಟ್‌ನಲ್ಲಿ ಆರಾಮಾಗಿ ಮಲಗುತ್ತಿದ್ದರೆ, ಹತ್ತುವ ಪ್ರಯತ್ನ ಮಾಡದಿದ್ದರೆ, ಆದಷ್ಟು ಕಾಯಿರಿ ಅನ್ನುವುದು ನನ್ನ ಸಲಹೆ. 2 ವರ್ಷದ ಮಗುವಿಗೆ ‘ಬೆಳಗಾಗುವ ತನಕ ಇಲ್ಲೇ ಮಲಗಿರು’ ಅಂದರೆ ಮಾತು ಅರ್ಥವಾಗುತ್ತದೆ. ಆದರೆ ನಡುರಾತ್ರಿ ಆ ಮಾತು ನೆನೆದು ಎದ್ದು ಓಡುವ ಆಸೆಯನ್ನು ತಡೆದುಕೊಳ್ಳಲು ಅದಕ್ಕೆ ಇನ್ನೂ ಬರುವುದಿಲ್ಲ. 3 ವರ್ಷದ ಹೊತ್ತಿಗೆ ಆ ಹಿಡಿತ ಸ್ವಲ್ಪ ಬಂದಿರುತ್ತದೆ.

ಕಾಯಲಾಗದ ಸಂದರ್ಭಗಳು ಎರಡು. ಒಂದು ಎತ್ತರ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುವ ಗಡಿ 35 ಇಂಚು, ಅಂದರೆ ಸುಮಾರು 89 ಸೆಂಟಿಮೀಟರ್. ಮಗು ಇಷ್ಟು ಎತ್ತರವಾದರೆ, ಅಥವಾ ನಿಂತಾಗ ಕಂಬಿಯ ಮೇಲಂಚು ಅದರ ಎದೆಮಟ್ಟಕ್ಕೆ ಬಂದರೆ, ಕಾಟ್‌ನ ಕಾಲ ಮುಗಿಯಿತು. ಎಷ್ಟೋ ಮಕ್ಕಳು 2 ವರ್ಷ ದಾಟಿದ ಕೆಲವೇ ತಿಂಗಳಲ್ಲಿ ಈ ಎತ್ತರ ಮುಟ್ಟುತ್ತಾರೆ. ಹಾಗಾಗಿ 3ರ ತನಕ ಕಾಯುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಇನ್ನೊಂದು ಹತ್ತುವುದು. ಮಗು ಕಂಬಿಯ ಮೇಲೆ ಕಾಲು ಎತ್ತಿ ಹಾಕಲು ಶುರು ಮಾಡಿದರೆ ಮೊದಲು ಕಾಟ್‌ನ ಹಾಸಿಗೆಯನ್ನು ಅತಿ ಕೆಳಗಿನ ಮಟ್ಟಕ್ಕೆ ಇಳಿಸಿ. ಒಳಗಿರುವ ದಿಂಬು, ದೊಡ್ಡ ಗೊಂಬೆ, ಬದಿಯ ಮೆತ್ತೆ ಎಲ್ಲವನ್ನೂ ತೆಗೆಯಿರಿ. ಮಕ್ಕಳಿಗೆ ಅವೇ ಮೆಟ್ಟಿಲು. ಕಾಟ್‌ನ ಒಂದು ಬದಿ ಎತ್ತರವಿದ್ದರೆ ಆ ಬದಿ ಕೋಣೆಯ ಕಡೆಗೆ, ತಗ್ಗಿನ ಬದಿ ಗೋಡೆಗೆ ಒತ್ತಿರುವಂತೆ ತಿರುಗಿಸಿ. ಇಷ್ಟಾದ ಮೇಲೂ ಹತ್ತಿದರೆ ವಯಸ್ಸು ಎಷ್ಟೇ ಇರಲಿ, ಬದಲಿಸಿಬಿಡಿ. ಎದೆಯೆತ್ತರದಿಂದ ತಲೆಕೆಳಗಾಗಿ ಬೀಳುವುದು ಮೊಣಕಾಲೆತ್ತರದ ಮಂಚದಿಂದ ಉರುಳುವುದಕ್ಕಿಂತ ತುಂಬಾ ಅಪಾಯ.

ಪಕ್ಕದ ಮನೆಯ ಮಗು ಮಂಚದಲ್ಲಿ ಮಲಗುತ್ತದೆ ಅನ್ನುವುದು ಕಾರಣವಲ್ಲ. ನೆಂಟರು ‘ಇನ್ನೂ ತೊಟ್ಟಿಲಾ?’ ಅಂದರೆ ನಕ್ಕು ಸುಮ್ಮನಾಗಿ. ರಾತ್ರಿ ಪದೇಪದೇ ಏಳುತ್ತದೆ, ಮಂಚ ಹಾಕಿದರೆ ಸರಿಹೋಗಬಹುದು ಅಂತ ಕೆಲವರು ಯೋಚಿಸುತ್ತಾರೆ. ಕಾಟ್‌ನಲ್ಲಿ ನಿದ್ದೆ ನಿಲ್ಲದ ಮಗುವಿಗೆ ಮಂಚದಲ್ಲಿ ಇನ್ನೂ ಜಾಸ್ತಿ ಕಷ್ಟ. ಅಂಥ ಮನೆಯಲ್ಲಿ ನಿದ್ದೆಯ ಅಭ್ಯಾಸ ಮೊದಲು ಸರಿಯಾಗಲಿ.

ಜೋಲಿಯಲ್ಲಿ ಮಲಗುವ ಮಗುವಾದರೆ

ಇದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮ ಊರಲ್ಲಿ ಎಷ್ಟೋ ಮಕ್ಕಳು 2 ವರ್ಷದವರೆಗೂ ಸೀರೆಯ ಜೋಲಿಯಲ್ಲೋ ಸ್ಪ್ರಿಂಗ್ ಹಾಕಿದ ತೊಟ್ಟಿಲಲ್ಲೋ ಮಲಗುತ್ತಾರೆ. ತೂಗಿದರೆ ನಿದ್ದೆ, ತೂಗುವುದು ನಿಂತರೆ ಎಚ್ಚರ. ಇಂಥ ಮಗುವನ್ನು ಒಂದೇ ದಿನಕ್ಕೆ ಅಲ್ಲಾಡದ ಮಂಚದ ಮೇಲೆ ಮಲಗಿಸಿದರೆ ಅದಕ್ಕೆ ಎರಡು ಕಳೆದುಕೊಂಡ ಹಾಗೆ: ಜಾಗವೂ ಹೋಯಿತು, ತೂಗುವ ಕೈಯೂ ಹೋಯಿತು.

ಮೊದಲು ತೂಗುವುದನ್ನು ಬಿಡಿಸಿ, ಅದೂ ಜೋಲಿಯಲ್ಲೇ. ಪೂರ್ತಿ ನಿದ್ದೆ ಹತ್ತುವ ತನಕ ತೂಗುತ್ತಿದ್ದರೆ, ಇನ್ನು ಮೇಲೆ ಕಣ್ಣು ಮಂಪರಾದಾಗ ನಿಲ್ಲಿಸಿ. ಕೆಲವು ದಿನ ಬಿಟ್ಟು ಇನ್ನೂ ಸ್ವಲ್ಪ ಬೇಗ ನಿಲ್ಲಿಸಿ. ತೂಗುವ ಜಾಗದಲ್ಲಿ ಬೆನ್ನು ತಟ್ಟುವುದು ಬರಲಿ, ಒಂದು ಜೋಗುಳ ಬರಲಿ. ಯಾವ ಹಾಡಾದರೂ ಸರಿ, ದಿನಾ ಅದೇ ಇರಲಿ. ತಟ್ಟುವುದನ್ನೂ ಹಾಡನ್ನೂ ಮಂಚಕ್ಕೆ ಒಯ್ಯಬಹುದು. ಎರಡು ಮೂರು ವಾರದಲ್ಲಿ ಮಗು ಕಡಿಮೆ ತೂಗಿಗೆ ಒಗ್ಗಿಕೊಂಡರೆ ಮಂಚದ ದಾರಿ ಸಲೀಸು.

ಮಗು ಜೋಲಿಯಲ್ಲಿ ಎದ್ದು ಕೂರಲು, ಹೊರಗೆ ಬಾಗಲು ಶುರು ಮಾಡಿದ್ದರೆ ಮಾತ್ರ ಹೀಗೆ ನಿಧಾನ ಮಾಡಲು ಸಮಯವಿಲ್ಲ. ಜೋಲಿ ಅಂದೇ ಬಿಚ್ಚಿ, ನೆಲದ ಮೇಲೆ ಹಾಸಿಗೆ ಹಾಸಿ, ಪಕ್ಕದಲ್ಲಿ ನೀವೂ ಮಲಗಿ.

ಎರಡನೇ ಹೆಜ್ಜೆ: ತಿಂಗಳು ನೋಡಿಕೊಳ್ಳಿ

ಪುಟ್ಟ ಮಗು ಒಂದು ಸಲಕ್ಕೆ ಒಂದು ಬದಲಾವಣೆ ತಡೆದುಕೊಳ್ಳುತ್ತದೆ. ಜೂನ್‌ನಲ್ಲಿ ಪ್ಲೇಸ್ಕೂಲ್ ಶುರುವಾಗುವುದಿದ್ದರೆ ಅದಕ್ಕೆ ಒಂದೆರಡು ತಿಂಗಳು ಮುಂಚೆ ಮುಗಿಸಿ, ಇಲ್ಲವೇ ಮಗು ಶಾಲೆಗೆ ಹೊಂದಿಕೊಂಡ ಮೇಲೆ ಮಾಡಿ. ಬಾಡಿಗೆ ಕರಾರಿನ 11 ತಿಂಗಳು ಮುಗಿದು ಮನೆ ಬದಲಿಸುವವರಿದ್ದರೆ ಹೊಸ ಮನೆಗೆ ಹೋಗಿ ಮೂರು ನಾಲ್ಕು ವಾರ ಆಗಲಿ. ಎದೆಹಾಲು ಬಿಡಿಸುವಾಗ, ಡೈಪರ್ ಬಿಡಿಸುವಾಗ, ಜ್ವರ ಬಂದು ಎದ್ದ ವಾರ, ಊರಿಗೆ ಹೊರಟ ವಾರ, ಇವು ಯಾವುವೂ ಬೇಡ. ದೀಪಾವಳಿಯ ವಾರವಂತೂ ಬೇಡವೇ ಬೇಡ. ರಾತ್ರಿ ಹನ್ನೊಂದಕ್ಕೆ ಬೀದಿಯಲ್ಲಿ ಪಟಾಕಿ ಸಿಡಿಯುವಾಗ ಹೊಸ ಜಾಗದಲ್ಲಿ ಒಂಟಿಯಾಗಿ ಮಲಗು ಅಂದರೆ ಯಾವ ಮಗು ಒಪ್ಪುತ್ತದೆ?

ಮನೆಗೆ ಇನ್ನೊಂದು ಪಾಪು ಬರುವುದಿದ್ದರೆ ಹೆರಿಗೆಗೆ ಕನಿಷ್ಠ 2 ತಿಂಗಳು ಮುಂಚೆ ದೊಡ್ಡ ಮಗುವನ್ನು ಮಂಚಕ್ಕೆ ತನ್ನಿ. ತಡವಾಗಿದ್ದರೆ ಆತುರ ಮಾಡಬೇಡಿ. ಹೊಸ ಪಾಪುವಿಗೆ ಮೊದಲ ತಿಂಗಳುಗಳಲ್ಲಿ ಚಿಕ್ಕ ತೊಟ್ಟಿಲು ಸಾಕು. ತವರಿನಿಂದ, ಅಕ್ಕನ ಮನೆಯಿಂದ ಒಂದು ಗಟ್ಟಿ ತೊಟ್ಟಿಲು ತಂದುಕೊಳ್ಳಿ. ತನ್ನ ಜಾಗವನ್ನು ಪಾಪು ಕಿತ್ತುಕೊಂಡಿತು ಅನ್ನುವ ಭಾವನೆ ದೊಡ್ಡ ಮಗುವಿಗೆ ಬರಬಾರದು. ಕಾಟ್ ಖಾಲಿಯಾಗಿ, ಮಗು ಅದನ್ನು ಮರೆತು ಕೆಲವು ವಾರ ಆದ ಮೇಲೆ ಪಾಪುವನ್ನು ಅಲ್ಲಿ ಮಲಗಿಸಿ.

ಮೂರನೇ ಹೆಜ್ಜೆ: ಮನೆಯನ್ನು ಮಗುವಿನ ಎತ್ತರದಿಂದ ನೋಡಿ

ಈ ಹೆಜ್ಜೆಗೆ ಒಂದು ಭಾನುವಾರ ಪೂರ್ತಿ ಕೊಡಿ. ಮಂಡಿಯೂರಿ ಕುಳಿತು, ಮಗು ಮಲಗುವ ಜಾಗದಿಂದ ಹೊರಟು, ಅದರ ಕಣ್ಣಿನ ಮಟ್ಟದಲ್ಲಿ ಇಡೀ ಮನೆ ಸುತ್ತಿ. ರಾತ್ರಿ ದೀಪ ಆರಿಸಿ ಇನ್ನೊಂದು ಸಲ ಸುತ್ತಿ.

ಬಚ್ಚಲು ಮನೆಯಿಂದ ಶುರು ಮಾಡಿ. ನಮ್ಮೂರಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ ಬರುವ ಬಡಾವಣೆಗಳು ಎಷ್ಟೋ ಇವೆ. ಬಕೆಟ್, ಡ್ರಮ್ ತುಂಬಿಸಿಡುವುದು ಕೈಗೆ ಬಂದ ಅಭ್ಯಾಸ. ಪುಟ್ಟ ಮಗುವಿನ ತಲೆ ಮೈಗೆ ಹೋಲಿಸಿದರೆ ಭಾರವಾಗಿರುತ್ತದೆ. ಬಕೆಟ್ ಒಳಗೆ ಬಗ್ಗಿ ತಲೆಕೆಳಗಾಗಿ ಬಿದ್ದರೆ ತಾನಾಗಿ ಎದ್ದು ಬರಲು ಆಗುವುದಿಲ್ಲ. ಕೆಲವೇ ಇಂಚು ನೀರಿದ್ದರೂ ಜೀವಕ್ಕೆ ಅಪಾಯ, ಸದ್ದೂ ಕೇಳಿಸುವುದಿಲ್ಲ. ಹಾಗಾಗಿ ಬಚ್ಚಲಿನ ಬಾಗಿಲಿಗೆ ಹೊರಗಡೆ, ಮೇಲ್ಭಾಗದಲ್ಲಿ ಒಂದು ಚಿಲಕ ಹಾಕಿಸಿ. ರಾತ್ರಿ ಮಲಗುವ ಮುಂಚೆ ಅದನ್ನು ಹಾಕುವುದು ಮನೆಯವರೆಲ್ಲರ ಕೆಲಸ. ಡ್ರಮ್‌ಗೆ ಗಟ್ಟಿ ಮುಚ್ಚಳ ಇರಲಿ. ಸ್ವಂತ ಮನೆಯವರು ಸಂಪಿನ ಮುಚ್ಚಳವನ್ನೂ ನೋಡಿಕೊಳ್ಳಿ.

ಆಮೇಲೆ ಬಾಗಿಲುಗಳು. ಮುಂಬಾಗಿಲಿನ ಕೆಳಗಿನ ಚಿಲಕ ಮಗುವಿಗೆ ಸಿಗುತ್ತದೆ. ಮೇಲೊಂದು ಇರಲಿ. ಬಾಲ್ಕನಿಯ ಜಾರುಬಾಗಿಲಿಗೂ ಅಷ್ಟೇ. ಬಾಲ್ಕನಿಯಲ್ಲಿ ಗಿಡದ ಕುಂಡ, ಕುರ್ಚಿ, ಹಳೇ ಪೇಪರಿನ ಗಂಟು ಕಟಕಟೆಯ ಪಕ್ಕ ಇದ್ದರೆ ಇವತ್ತೇ ದೂರ ಇಡಿ. ಮಗು ಮಲಗುವ ಕೋಣೆಯ ಒಳಗಿನ ಚಿಲಕ ಬಿಚ್ಚಿಸಿಬಿಡಿ. ಮಗು ಒಳಗಿನಿಂದ ಚಿಲಕ ಹಾಕಿಕೊಂಡು ತೆಗೆಯಲು ಬಾರದೆ ಅಳುವುದು, ಅಪಾರ್ಟ್‌ಮೆಂಟ್‌ನವರೆಲ್ಲ ಸೇರಿ ಬಾಗಿಲು ಒಡೆಯುವುದು, ಇದು ಈ ಊರಲ್ಲಿ ಎಲ್ಲರೂ ಒಮ್ಮೆಯಾದರೂ ಕೇಳಿರುವ ಕಥೆ. ನಾಲ್ಕು ಸ್ಕ್ರೂ ಬಿಚ್ಚಿದರೆ ಆ ಭಯವೇ ಇಲ್ಲ.

ಬೀರು, ಪುಸ್ತಕದ ಕಪಾಟು, ಡ್ರಾಯರ್ ಇರುವ ಮೇಜು, ಟಿವಿ, ಇವನ್ನು ಗೋಡೆಗೆ ಬಿಗಿಯಿರಿ. ಮಗು ಡ್ರಾಯರ್ ಎಳೆದು ಅದರ ಮೇಲೆ ಹತ್ತಿದರೆ ಇಡೀ ಮೇಜು ಅದರ ಮೇಲೆ ಮಗುಚುತ್ತದೆ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಮಾಲೀಕರು ಬೇಡ ಅನ್ನಬಹುದು. ಎಲ್ ಆಕಾರದ ಪಟ್ಟಿಗೆ ಎರಡು ಚಿಕ್ಕ ತೂತು ಸಾಕು, ಮನೆ ಬಿಡುವಾಗ ತುಂಬಿಸಿ ಬಣ್ಣ ಹಚ್ಚಿಸಿಕೊಡುತ್ತೇವೆ ಅಂತ ಕೇಳಿ. ಮಗುವಿನ ಮಾತು ತೆಗೆದರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ಆ ಬೀರು ಮಗು ಮಲಗುವ ಕೋಣೆಯಲ್ಲಿ ಬೇಡ.

ಕಿಟಕಿಯ ಕೆಳಗೆ ಮಂಚ ಹಾಕಬೇಡಿ. ಗ್ರಿಲ್ ಇದೆಯಲ್ಲ ಅನ್ನಬಹುದು. ಅಡ್ಡ ಕಂಬಿಯ ಗ್ರಿಲ್ ಮಗು ಹತ್ತಲು ಹೇಳಿ ಮಾಡಿಸಿದ ಹಾಗಿರುತ್ತದೆ. ಪರದೆಯ ಹಗ್ಗ ನೇತಾಡುತ್ತಿದ್ದರೆ ಕುತ್ತಿಗೆಗೆ ಸುತ್ತಿಕೊಳ್ಳುವ ಭಯ. ಅದನ್ನು ಕತ್ತರಿಸಿ, ಇಲ್ಲವೇ ಎತ್ತರದಲ್ಲಿ ಕಟ್ಟಿ. ಕೆಳಮಟ್ಟದ ಸಾಕೆಟ್‌ಗಳಿಗೆ ಮುಚ್ಚಳ ಹಾಕಿ. ಸೊಳ್ಳೆ ಓಡಿಸುವ ದ್ರವದ ಯಂತ್ರ ಮಗುವಿಗೆ ಎಟುಕುವ ಸಾಕೆಟ್‌ನಲ್ಲಿ ಇರಬಾರದು. ಆ ಬಾಟಲಿಯ ದ್ರವ ವಿಷ. ಗ್ಯಾಸ್ ರೆಗ್ಯುಲೇಟರ್ ದಿನಾ ರಾತ್ರಿ ಆಫ್ ಮಾಡಿ. ಡುಪ್ಲೆಕ್ಸ್ ಮನೆಯಾದರೆ ಮೆಟ್ಟಿಲಿಗೆ ಮೇಲೂ ಕೆಳಗೂ ಗೇಟು, ಮೇಲಿನದು ಗೋಡೆಗೆ ಸ್ಕ್ರೂ ಹಾಕಿ ಕೂರಿಸುವಂಥದೇ ಆಗಬೇಕು.

ನಾಲ್ಕನೇ ಹೆಜ್ಜೆ: ಮಂಚ

ಸುಲಭದ ದಾರಿ ನೆಲದ ಹಾಸಿಗೆ. ಬೀಳುವ ಭಯವಿಲ್ಲ, ಖರ್ಚೂ ಇಲ್ಲ. ನಮ್ಮ ಅಜ್ಜ ಅಜ್ಜಿಯರು ಚಾಪೆಯ ಮೇಲೆ ಹಾಸಿಗೆ ಸುರುಳಿ ಬಿಚ್ಚಿ ಸಾಲಾಗಿ ಮಲಗುತ್ತಿದ್ದವರೇ ಅಲ್ವಾ? ಒಂದು ಎಚ್ಚರಿಕೆ ಬೇಕು. ಮಳೆಗಾಲದಲ್ಲಿ ಟೈಲ್ಸ್ ನೆಲಕ್ಕೆ ತಾಗಿದ ಹಾಸಿಗೆಯ ಅಡಿಗೆ ಗಾಳಿಯಾಡದೆ ತೇವ ಹಿಡಿಯುತ್ತದೆ, ಬೂಷ್ಟು ಬರುತ್ತದೆ. ಬೆಳಗ್ಗೆ ಎದ್ದ ಕೂಡಲೇ ಹಾಸಿಗೆ ಎತ್ತಿ ಗೋಡೆಗೆ ಒರಗಿಸಿ, ಬಿಸಿಲು ಬಿದ್ದ ದಿನ ಬಾಲ್ಕನಿಗೆ ಒಯ್ಯಿರಿ. ಡಿಸೆಂಬರ್, ಜನವರಿಯಲ್ಲಿ ಗ್ರಾನೈಟ್ ನೆಲ ಮಂಜಿನ ಹಾಗೆ ತಣ್ಣಗಿರುತ್ತದೆ. ಆಗ ಹಾಸಿಗೆಯ ಕೆಳಗೆ ಒಂದು ಚಾಪೆ, ಇಲ್ಲವೇ ಮರದ ಪಟ್ಟಿಗಳ ತಟ್ಟೆ ಇರಲಿ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ತಗ್ಗಿನ ಮಂಚ. ಹಾಸಿಗೆಯೂ ಸೇರಿ ನೆಲದಿಂದ ಒಂದಡಿ ಮೀರದಿದ್ದರೆ ಮಗು ತಾನೇ ಹತ್ತಿ ಇಳಿಯುತ್ತದೆ. ಅಂಗಡಿಯ ಬಾಕ್ಸ್ ಮಂಚಗಳು ಹಾಸಿಗೆ ಸೇರಿ ಎರಡಡಿ ಆಗಿಬಿಡುತ್ತವೆ. ಸಾಮಾನು ತುಂಬಲು ಅವು ಚೆನ್ನ, 2 ವರ್ಷದ ಮಗುವಿಗೆ ಚೆನ್ನಲ್ಲ. ಬಡಗಿಯಿಂದ ಮಾಡಿಸುವುದಾದರೆ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟ್‌ನಲ್ಲಿ ಮರ, ಪ್ಲೈವುಡ್ ಎರಡೂ ಸಿಗುತ್ತವೆ. ನಾಗಸಂದ್ರದಲ್ಲಿ 2022ರಲ್ಲಿ ಶುರುವಾದ ಐಕಿಯಾಗೆ ಹೋದರೆ ಮಕ್ಕಳ ಮಂಚಗಳನ್ನು ಜೋಡಿಸಿಟ್ಟಿರುತ್ತಾರೆ, ಮುಟ್ಟಿ ಅಲ್ಲಾಡಿಸಿ ನೋಡಬಹುದು. ಮೆಟ್ರೋ ನಿಲ್ದಾಣ ಪಕ್ಕದಲ್ಲೇ ಇದೆ. ಎಲ್ಲೇ ಕೊಂಡರೂ ಅಂಚು, ಮೂಲೆ ದುಂಡಗಿರಲಿ. ಕಾರಿನ ಆಕಾರ, ಕೋಟೆಯ ಆಕಾರದ ಮಂಚಕ್ಕೆ ದುಡ್ಡು ಸುರಿಯಬೇಡಿ. ಅವುಗಳಲ್ಲಿ ಕಾಲು ತೂರಿಸುವ ಸಂದುಗಳು ಜಾಸ್ತಿ, ಮಗು ಎರಡೇ ವರ್ಷದಲ್ಲಿ ಅದನ್ನು ಮೀರಿ ಬೆಳೆಯುತ್ತದೆ. 72 ಇಂಚು ಉದ್ದ, 36 ಇಂಚು ಅಗಲದ ಮಾಮೂಲಿ ಸಿಂಗಲ್ ಮಂಚವನ್ನೇ ತಗ್ಗಾಗಿ ಮಾಡಿಸಿದರೆ ಕಾಲೇಜಿಗೆ ಹೋಗುವ ತನಕ ಬರುತ್ತದೆ.

ಹಾಸಿಗೆ ಗಟ್ಟಿಯಾಗಿರಲಿ. ತೆಂಗಿನ ನಾರಿನದು ಆಗಬಹುದು, ಚೆನ್ನಾಗಿ ತುಂಬಿದ ಹತ್ತಿಯದೂ ಆಗಬಹುದು. ಮೈ ಹೂತುಹೋಗುವಷ್ಟು ಮೆತ್ತಗಿನದು ಬೇಡ. ಮೇಲೆ ನೀರು ಇಳಿಯದ ಹೊದಿಕೆ ಹಾಕಿ.

ಬದಿಯ ತಡೆಕಂಬಿಯ ಬಗ್ಗೆ ಜನ ಗಮನ ಕೊಡದ ಒಂದು ವಿಷಯವಿದೆ. ದೊಡ್ಡವರ ಮಂಚಕ್ಕೆ ಸಿಕ್ಕಿಸುವ ತಡೆಕಂಬಿ 2 ವರ್ಷ ತುಂಬಿದ, ತಾನಾಗಿ ಮಂಚ ಹತ್ತಿ ಇಳಿಯಬಲ್ಲ ಮಕ್ಕಳಿಗೆ ಮಾತ್ರ. ಅದಕ್ಕಿಂತ ಚಿಕ್ಕ ಮಕ್ಕಳು ಕಂಬಿಗೂ ಹಾಸಿಗೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಹಾಕಿಕೊಂಡು ಉಸಿರುಗಟ್ಟುವ ಅಪಾಯವಿದೆ. ದೊಡ್ಡ ಮಗುವಿಗೆ ಹಾಕಿದರೂ ಕಂಬಿಯನ್ನು ಹೊರಕ್ಕೆ ಜೋರಾಗಿ ತಳ್ಳಿ ನೋಡಿ. ಹಾಸಿಗೆಯಿಂದ ಬಿಟ್ಟುಕೊಂಡು ಸಂದಿ ಬಿದ್ದರೆ ಅದು ಬೇಡ. ಮಂಚಕ್ಕೂ ಗೋಡೆಗೂ ನಡುವೆಯೂ ಇದೇ ಅಪಾಯ. ಒಂದೋ ಪೂರ್ತಿ ಅಂಟಿಸಿ, ಇಲ್ಲವೇ ಮಗು ಬಿದ್ದರೂ ಸಿಕ್ಕಿಕೊಳ್ಳದಷ್ಟು, ಒಂದೆರಡು ಅಡಿ ದೂರ ಇಡಿ. ಎರಡಂತಸ್ತಿನ ಮಂಚದ ಮೇಲಂತಸ್ತು 6 ವರ್ಷದ ತನಕ ಬೇಡ. ದೊಡ್ಡ ಅಣ್ಣ ಮೇಲೆ ಮಲಗುತ್ತಿದ್ದರೆ, ಅವನು ಮೇಲೆ ಇಲ್ಲದ ಹೊತ್ತಿನಲ್ಲಿ ಏಣಿಯನ್ನು ತೆಗೆದಿಡಿ.

ಐದನೇ ಹೆಜ್ಜೆ: ಸೊಳ್ಳೆ, ಬೆಳಕು, ಹೊದಿಕೆ

ಬೆಂಗಳೂರಿನಲ್ಲಿ ಸೊಳ್ಳೆಯ ಮಾತು ಬಿಟ್ಟು ಮಗುವಿನ ಹಾಸಿಗೆಯ ಮಾತು ಮುಗಿಯುವುದಿಲ್ಲ. ಕಿಟಕಿಗೆ ಜಾಲರಿ ಹಾಕಿಸುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ಸೊಳ್ಳೆಪರದೆಯನ್ನು ಬಿಗಿಯಾಗಿ ಕಟ್ಟಿ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಸಡಿಲ ಬಟ್ಟೆ, ಉದ್ದ ದಾರ ಮಗುವಿನ ಕೈಗೆ ಸಿಗಬಾರದು. ಡೆಂಗಿ ಹರಡುವ ಸೊಳ್ಳೆ ಹಗಲು ಹೊತ್ತು ಕಚ್ಚುತ್ತದೆ. ಹಾಗಾಗಿ ಮಧ್ಯಾಹ್ನದ ನಿದ್ದೆಗೂ ಪರದೆ ಬೇಕು. ಮಳೆಗಾಲದಲ್ಲಂತೂ ಇದನ್ನು ಮರೆಯಬೇಡಿ.

ಬೆಳಕಿಗೆ ಮಂದವಾದ ಹಳದಿ ಅಥವಾ ಕೆಂಪು ದೀಪ, ಮಗುವಿನ ಕಣ್ಣಿಗೆ ನೇರ ಬೀಳದ ಹಾಗೆ. ಕರೆಂಟ್ ಹೋದಾಗ ಫ್ಯಾನ್ ನಿಂತು, ದೀಪ ಆರಿ, ಮಗು ಬೆಚ್ಚಿ ಏಳುತ್ತದೆ. ಇನ್ವರ್ಟರ್ ಇಲ್ಲದ ಮನೆಯಲ್ಲಿ ಚಾರ್ಜ್ ಆಗುವ ಪುಟ್ಟ ದೀಪ ಒಂದನ್ನು ಇಟ್ಟುಕೊಳ್ಳಿ.

ಹೊದಿಕೆ ತೆಳುವಾಗಿರಲಿ. ಅಜ್ಜಿ ಹೊಲಿದ ಕೌದಿ ಇದ್ದರೆ ಅದನ್ನೇ ಕೊಡಿ. ಹಳೇ ಸೀರೆಯ ಮೆತ್ತನೆ ಬಟ್ಟೆಗೆ ಮನೆಯವರ ವಾಸನೆ ಇರುತ್ತದೆ, ಮಗುವಿಗೆ ಅದು ಬೇಗ ಒಗ್ಗುತ್ತದೆ. ಭಾರದ ರಗ್ಗು ಬೇಡ. ಚಳಿ ಇದ್ದರೆ ಪೂರ್ತಿ ತೋಳಿನ ಬಟ್ಟೆ, ಕಾಲುಚೀಲ ಹಾಕಿ.

ಆರನೇ ಹೆಜ್ಜೆ: ಮಗುವನ್ನು ಒಳಗೊಳಿಸಿ

ಮಂಚ ಬರುವ ಒಂದು ವಾರ ಮುಂಚೆ ಮಾತು ಶುರು ಮಾಡಿ. ಅದಕ್ಕಿಂತ ಮುಂಚೆ ಹೇಳಿದರೆ ಮಗುವಿಗೆ ಕಾಯುವುದೇ ಕಷ್ಟ. ಚಿಕ್ಕಪೇಟೆಗೋ ಜಯನಗರ 4ನೇ ಬ್ಲಾಕ್‌ಗೋ ಕರೆದುಕೊಂಡು ಹೋಗಿ, ಎರಡು ಬೆಡ್‌ಶೀಟ್ ಮುಂದಿಟ್ಟು ‘ಆನೆಯದಾ, ಹೂವಿನದಾ?’ ಅಂತ ಕೇಳಿ. ಇಪ್ಪತ್ತು ಮುಂದಿಟ್ಟರೆ ಅಂಗಡಿಯಲ್ಲೇ ಅಳು. ಮಂಚ ಜೋಡಿಸುವಾಗ ಸ್ಕ್ರೂ ಹಿಡಿಸಿ, ಹಾಸಿಗೆ ತಟ್ಟಿಸಿ. ಕಾಟ್‌ನಲ್ಲಿ ಜೊತೆಗಿದ್ದ ಗೊಂಬೆ, ಹೊದಿಕೆ ಹಾಗೇ ಮಂಚಕ್ಕೆ ಬರಲಿ. ಮಂಚವನ್ನು ಸಾಧ್ಯವಾದಷ್ಟು ಕಾಟ್ ಇದ್ದ ಮೂಲೆಯಲ್ಲೇ ಹಾಕಿ.

ಹಗಲು ಮಂಚದ ಮೇಲೆ ಕೂತು ಕಥೆ ಓದಿ. ಆಮೇಲೆ ಕೆಲವು ದಿನ ಮಧ್ಯಾಹ್ನದ ನಿದ್ದೆ ಅಲ್ಲಿ, ರಾತ್ರಿಯದು ಕಾಟ್‌ನಲ್ಲಿ. ಡೇಕೇರ್‌ಗೆ ಹೋಗುವ ಮಗುವಾದರೆ ಇದನ್ನು ಶನಿವಾರ, ಭಾನುವಾರ ಮಾಡಿ. ಡೇಕೇರ್‌ನಲ್ಲಿ ಮಕ್ಕಳು ನೆಲದ ಹಾಸಿಗೆಯಲ್ಲೇ ಮಲಗುತ್ತಾರೆ, ಆ ಮಾತನ್ನೂ ಮಗುವಿಗೆ ನೆನಪಿಸಿ.

‘ನೀನೀಗ ದೊಡ್ಡವನು’ ಅನ್ನುವ ಮಾತನ್ನು ಹಿತಮಿತವಾಗಿ ಬಳಸಿ. ಕೆಲವು ಮಕ್ಕಳಿಗೆ ಅದು ಖುಷಿ. ಪಾಪು ಬಂದಿರುವ ಮನೆಯ ಮಗುವಿಗೆ ದೊಡ್ಡವನಾಗುವುದು ಅಂದರೆ ಅಮ್ಮನ ಮಡಿಲು ಬಿಡುವುದು ಅಂತ ಅನ್ನಿಸಬಹುದು.

ಗುಮ್ಮನನ್ನು ಮಾತ್ರ ಕರೆಯಬೇಡಿ. ‘ಮಂಚ ಇಳಿದರೆ ಗುಮ್ಮ ಬರ್ತಾನೆ’ ಅಂದರೆ ಆ ಒಂದು ರಾತ್ರಿ ಮಗು ಸುಮ್ನೆ ಮಲಗಬಹುದು. ಮರುದಿನದಿಂದ ಮಂಚದ ಕೆಳಗೆ, ಪರದೆಯ ಹಿಂದೆ ಎಲ್ಲ ಕಡೆ ಗುಮ್ಮ ಇರುತ್ತಾನೆ. ಹೆದರಿದ ಮಗು ನಿಮ್ಮ ಹಾಸಿಗೆಗೇ ಓಡಿ ಬರುತ್ತದೆ, ಬರಲೇಬೇಕು. ಮನೆಗೆ ಬಂದ ಹಿರಿಯರಿಗೂ, ಮಗು ನೋಡಿಕೊಳ್ಳುವವರಿಗೂ ಇದನ್ನು ಮೊದಲೇ ಹೇಳಿಡಿ.

ಏಳನೇ ಹೆಜ್ಜೆ: ಮೊದಲ ರಾತ್ರಿ, ಅದರ ನಂತರದ ರಾತ್ರಿಗಳು

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಲೆಕ್ಕದಂತೆ 1-2 ವರ್ಷದ ಮಕ್ಕಳಿಗೆ ದಿನಕ್ಕೆ 11ರಿಂದ 14 ಗಂಟೆ ನಿದ್ದೆ ಬೇಕು, 3-4 ವರ್ಷದವರಿಗೆ 10ರಿಂದ 13. ಮಧ್ಯಾಹ್ನದ ನಿದ್ದೆಯೂ ಇದರಲ್ಲೇ ಸೇರಿದೆ. ನಮ್ಮೂರ ಟ್ರಾಫಿಕ್‌ನಲ್ಲಿ ಅಪ್ಪ ಅಮ್ಮ ಮನೆ ಮುಟ್ಟುವುದೇ ರಾತ್ರಿ ಎಂಟೂವರೆ. ಆಮೇಲೆ ಆಟ, ಊಟ, ಮಲಗುವಾಗ ಹನ್ನೊಂದು. ಅಷ್ಟು ಹೊತ್ತಿಗೆ ಮಗುವಿಗೆ ನಿದ್ದೆ ಮೀರಿರುತ್ತದೆ. ನಿದ್ದೆ ಮೀರಿದ ಮಗು ಹೊಸ ಮಂಚದಲ್ಲಿ ಸುಮ್ಮನೆ ಮಲಗುವುದಿಲ್ಲ, ಕುಣಿಯುತ್ತದೆ. ಈ ಎರಡು ವಾರ ಮಟ್ಟಿಗಾದರೂ ಮನೆಯಲ್ಲಿರುವವರು ಮಗುವಿಗೆ ಏಳೂವರೆಗೆ ಊಟ ಮಾಡಿಸಿ. ತಡವಾಗಿ ಬರುವವರು ಬೆಳಗ್ಗೆ ಒಂದು ಗಂಟೆ ಮಗುವಿನ ಜೊತೆ ಕಳೆಯಲಿ. ಆಫೀಸಿನಲ್ಲಿ ಕೇಳಿ ಮನೆಯಿಂದ ಕೆಲಸ ಮಾಡಲು ಆಗುವುದಾದರೆ ಇದು ಅದಕ್ಕೆ ತಕ್ಕ ವಾರ.

ಮಲಗುವ ಮುಂಚಿನ ಅರ್ಧ ಗಂಟೆ ದಿನಾ ಒಂದೇ ಕ್ರಮದಲ್ಲಿ ನಡೆಯಲಿ. ಬಿಸಿನೀರಲ್ಲಿ ಕೈಕಾಲು ತೊಳೆಯುವುದು, ಬಟ್ಟೆ ಬದಲಿಸುವುದು, ಹಲ್ಲುಜ್ಜುವುದು, ಸೂಸು ಮಾಡಿಸುವುದು, ಒಂದು ಕಥೆ, ಒಂದು ಜೋಗುಳ, ದೀಪ ಆರಿಸುವುದು. ಟಿವಿ, ಫೋನ್ ಒಂದು ಗಂಟೆ ಮುಂಚೆಯೇ ಬಂದ್. ನೀರು ಬೇಕು, ಇನ್ನೊಂದು ಮುದ್ದು ಬೇಕು ಅನ್ನುವ ಬೇಡಿಕೆಗಳು ಬಂದೇ ಬರುತ್ತವೆ. ಅವನ್ನು ಕ್ರಮದೊಳಗೇ ಸೇರಿಸಿಬಿಡಿ: ಒಂದು ಗುಟುಕು ನೀರು, ಒಂದು ಮುದ್ದು, ಆಮೇಲೆ ಮಲಗುವುದು.

ಮಗು ಎದ್ದು ಬರುತ್ತದೆ. ಬರಲೇಬೇಕು, ಅದಕ್ಕೆ ಹೊಸದಾಗಿ ಸ್ವಾತಂತ್ರ್ಯ ಸಿಕ್ಕಿದೆ. ನೀವು ಮಾಡಬೇಕಾದದ್ದು ಇಷ್ಟು: ಕೈ ಹಿಡಿದು ವಾಪಸ್ ಕರೆದುಕೊಂಡು ಹೋಗಿ, ಮಲಗಿಸಿ, ‘ಈಗ ಮಲಗುವ ಹೊತ್ತು ಕಂದ’ ಅನ್ನಿ, ಹೊರಗೆ ಬನ್ನಿ. ಮತ್ತೆ ಬಂದರೆ ಮತ್ತೆ ಅದೇ, ಅದೇ ಮಾತು. ಬೈಯಬೇಡಿ, ನಗಿಸಬೇಡಿ, ಚರ್ಚೆಗೆ ಇಳಿಯಬೇಡಿ. ಬೈಗುಳವೂ ಮಗುವಿಗೆ ಗಮನವೇ. ಏಳನೇ ಸಲಕ್ಕೆ ಸೋತು ಸೋಫಾದಲ್ಲಿ ಕೂರಿಸಿಕೊಂಡರೆ, ಏಳು ಸಲ ಬಂದರೆ ಸೋಫಾ ಸಿಗುತ್ತದೆ ಅಂತ ಅದು ಕಲಿಯುತ್ತದೆ. ಅಪ್ಪ ಒಂದು, ಅಜ್ಜಿ ಒಂದು ಹೇಳಿದರೂ ಕೆಡುತ್ತದೆ. ಅಜ್ಜಿಗೆ ಮೊಮ್ಮಗುವಿನ ಅಳು ಕೇಳಲಾಗುವುದಿಲ್ಲ, ಅದು ಸಹಜ. ಅವರಿಗೆ ಕಥೆ ಹೇಳುವ ಕೆಲಸ ಕೊಡಿ, ವಾಪಸ್ ಮಲಗಿಸುವ ಕೆಲಸ ನೀವು ಇಟ್ಟುಕೊಳ್ಳಿ.

ಒಂಟಿಯಾಗಿ ಮಲಗಲು ತುಂಬಾ ಹೆದರುವ ಮಗುವಿಗೆ ಈ ದಾರಿ ಗಡುಸಾಯಿತು. ಅದಕ್ಕೆ ಕುರ್ಚಿಯ ದಾರಿ ಇದೆ. ಮೊದಲ ಕೆಲವು ರಾತ್ರಿ ಮಂಚದ ಪಕ್ಕ ಕೂತು ಬೆನ್ನ ಮೇಲೆ ಕೈ ಇಡಿ. ಆಮೇಲೆ ಕೈ ಇಲ್ಲದೆ ಕೂರಿ. ಆಮೇಲೆ ಕುರ್ಚಿ ಕೋಣೆಯ ನಡುವೆ, ಬಾಗಿಲ ಬಳಿ, ಹೊರಗೆ. ಒಂದೊಂದು ಜಾಗದಲ್ಲಿ ಮೂರು ನಾಲ್ಕು ರಾತ್ರಿ. ನಿಮ್ಮ ಕೋಣೆಯಲ್ಲೇ ಮಂಚ ಇದ್ದರೆ ಇದು ಇನ್ನೂ ಸುಲಭ.

ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ ಮಗುವನ್ನು ಕೂಡಿಹಾಕಬೇಡಿ. ಬೆಂಕಿ, ಹೊಗೆಯಂಥ ಆಪತ್ತಿನಲ್ಲಿ ಮಗು ಹೊರಗೆ ಬರಲಾಗುವುದಿಲ್ಲ, ಹೆದರಿಕೆಯಂತೂ ಉಳಿದೇ ಉಳಿಯುತ್ತದೆ. ಬಾಗಿಲಿಗೆ ಒಂದು ಗಂಟೆಯೋ ಗೆಜ್ಜೆಯೋ ಕಟ್ಟಿ. ಮಗು ತೆರೆದರೆ ನಿಮಗೆ ಕೇಳಿಸುತ್ತದೆ.

ಬೆಳಗ್ಗೆ ಐದಕ್ಕೇ ಎದ್ದು ಬರುವ ಮಗುವಿಗೆ ದಪ್ಪ ಪರದೆ ಹಾಕಿ. ಕುಕ್ಕರ್ ಸೀಟಿ, ಮಿಕ್ಸಿ ಸದ್ದು ಸ್ವಲ್ಪ ತಡವಾಗಲಿ. ಇಡೀ ರಾತ್ರಿ ಮಂಚದಲ್ಲೇ ಇದ್ದರೆ ಬೆಳಗ್ಗೆ ಎಲ್ಲರ ಮುಂದೆ ಹೊಗಳಿ.

ಎಡವಟ್ಟುಗಳು ಬಂದಾಗ

ಒಂದೆರಡು ಸಲ ಉರುಳಿ ಬೀಳುವುದು ಮಾಮೂಲಿ. ಮಂಚದ ಪಕ್ಕ ಹಳೇ ಹಾಸಿಗೆಯೋ ದಪ್ಪ ಜಮಖಾನವೋ ಹಾಸಿ. ಬಿದ್ದ ಮಗು ಅತ್ತು ಸುಮ್ಮನಾಗಿ, ಮಾಮೂಲಿನಂತೆ ಇದ್ದರೆ ಗಮನಿಸುತ್ತಿರಿ ಸಾಕು. ಪ್ರಜ್ಞೆ ತಪ್ಪಿದರೆ, ಪದೇಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಇದ್ದರೆ, ಫಿಟ್ಸ್ ಬಂದರೆ, ಕಿವಿ ಅಥವಾ ಮೂಗಿನಿಂದ ರಕ್ತವೋ ನೀರೋ ಬಂದರೆ ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಲ್ಲವೇ ನೇರ ಆಸ್ಪತ್ರೆಗೆ ಹೊರಡಿ. ತಲೆಗೆ ಪೆಟ್ಟಾದವರಿಗೆ ನಿಮ್ಹಾನ್ಸ್‌ನಲ್ಲಿ 24 ಗಂಟೆಯೂ ತುರ್ತು ಚಿಕಿತ್ಸೆ ಇದೆ. ಮಕ್ಕಳ ಇಂದಿರಾ ಗಾಂಧಿ ಆಸ್ಪತ್ರೆಯೂ ಅದರ ಹತ್ತಿರವೇ ಇದೆ.

ಹಾಸಿಗೆ ಒದ್ದೆಯಾದರೆ ಸಿಡುಕಬೇಡಿ. ಹಗಲು ಡೈಪರ್ ಬಿಟ್ಟ ಮಕ್ಕಳೂ ರಾತ್ರಿ ಎಷ್ಟೋ ಕಾಲ ಒದ್ದೆ ಮಾಡುತ್ತಾರೆ. 5 ವರ್ಷದ ತನಕ ಅದು ಚಿಂತೆಯ ವಿಷಯವಲ್ಲ. ನೀರು ಇಳಿಯದ ಹೊದಿಕೆ, ಬೆಡ್‌ಶೀಟ್, ಮತ್ತೆ ಹೊದಿಕೆ, ಮತ್ತೆ ಬೆಡ್‌ಶೀಟ್ ಅಂತ ಎರಡು ಪದರ ಹಾಸಿ. ನಡುರಾತ್ರಿ ಮೇಲಿನ ಜೋಡಿ ಎಳೆದು ತೆಗೆದರೆ ಕೆಳಗೆ ಒಣ ಹಾಸಿಗೆ ಸಿದ್ಧ.

ಎರಡು ಮೂರು ವಾರ ಕಳೆದರೂ ಮಗು ದಿನಾ ಅಳುತ್ತಿದ್ದರೆ, ವಯಸ್ಸು ಇನ್ನೂ ಎರಡೂವರೆ ಆಗದಿದ್ದರೆ, ಎತ್ತರ ಮೊದಲು ಹೇಳಿದ ಗಡಿ ಮುಟ್ಟದಿದ್ದರೆ, ಕಾಟ್ ಹತ್ತುವ ಅಭ್ಯಾಸವೂ ಇಲ್ಲದಿದ್ದರೆ, ಕಾಟ್‌ಗೇ ವಾಪಸ್ ಹೋಗಿ. ಒಂದೆರಡು ತಿಂಗಳು ಬಿಟ್ಟು ಮತ್ತೆ ಶುರು ಮಾಡಬಹುದು. ಮಗು ಜೋರಾಗಿ ಗೊರಕೆ ಹೊಡೆಯುವುದು, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವುದು ಕಂಡರೆ ಅದು ಮಂಚದ ತೊಂದರೆಯಲ್ಲ, ಮಕ್ಕಳ ವೈದ್ಯರಿಗೆ ತೋರಿಸಿ.

ಖಾಲಿಯಾದ ಕಾಟ್

ಮಗು ಮಂಚಕ್ಕೆ ಪೂರ್ತಿ ಒಗ್ಗಿದ ಮೇಲೆ ಕಾಟ್ ಬಿಚ್ಚಿಡಿ. ಕಣ್ಣೆದುರೇ ಇದ್ದರೆ ಮನಸ್ಸು ಅಲ್ಲಿಗೇ ಹೋಗುತ್ತದೆ. ಬಂಧುಗಳಿಗೆ ಕೊಡುವುದಾದರೆ ಮೊದಲು ಒಮ್ಮೆ ಪೂರ್ತಿ ಜೋಡಿಸಿ ಅಲ್ಲಾಡಿಸಿ ನೋಡಿ. ಕಂಬಿಗಳ ನಡುವಿನ ಅಂತರ 6 ಸೆಂಟಿಮೀಟರ್ ಮೀರಬಾರದು. ಹಾಸಿಗೆಗೂ ಚೌಕಟ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇರಬಾರದು. ಒಂದು ಬದಿ ಕೆಳಗೆ ಜಾರುವಂಥ ಹಳೇ ಕಾಟ್‌ಗಳನ್ನು ಅಮೆರಿಕದಲ್ಲಿ 2011ರಿಂದ ಮಾರುವಂತಿಲ್ಲ. ಆ ಬದಿ ಕಳಚಿಕೊಂಡು ಮಕ್ಕಳು ಸಿಕ್ಕಿಬಿದ್ದು ಸತ್ತಿದ್ದಾರೆ. ನಿಮ್ಮದು ಅಂಥದ್ದಾದರೆ ಯಾರಿಗೂ ಕೊಡಬೇಡಿ, ಬಿಡಿಬಿಡಿಯಾಗಿ ಒಡೆದು ಗುಜರಿಗೆ ಹಾಕಿ. ಚೆನ್ನಾಗಿರುವುದಾದರೆ ಸ್ಕ್ರೂಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿ ಚೌಕಟ್ಟಿಗೇ ಟೇಪ್ ಸುತ್ತಿ ಕೊಡಿ. ಒಂದೇ ಒಂದು ಸ್ಕ್ರೂ ಕಳೆದಿದ್ದರೂ ಅದೇ ಅಳತೆಯದನ್ನು ತಂದು ಹಾಕಿದ ಮೇಲೆಯೇ ಕಳಿಸಿ.